60 ದಿನದ ನೋಟಿಸ್ ಮುಗಿಸಿದರೂ ರಿಲೀವಿಂಗ್ ಲೆಟರ್ ಇಲ್ಲ. ನಾಲ್ಕು ವರ್ಷ ಹತ್ತು ತಿಂಗಳ ಸೇವೆಗೆ ಗ್ರಾಚ್ಯುಟಿ ಸಿಗುತ್ತದೆಯೇ?

ಗೋಡೌನ್ ಗುಮಾಸ್ತ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಖಾಸಗಿ ಸರಕು ಸಾಗಣೆ ಕಂಪನಿಯೊಂದಕ್ಕೆ 2021ರ ಮಾರ್ಚ್ 8ರಂದು ಸೇರಿದ್ದೆ. 2025ರ ನವೆಂಬರ್ 17ರಂದು ರಾಜೀನಾಮೆ ಕೊಟ್ಟು, ನೇಮಕಾತಿ ಪತ್ರದಲ್ಲಿ ಬರೆದಿರುವಂತೆ 60 ದಿನಗಳ ನೋಟಿಸ್ ಅವಧಿಯನ್ನು ಪೂರ್ತಿ ದುಡಿದು, ಜನವರಿ 16ರಂದು ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿ ಒಪ್ಪಿಸಿ ಹೊರಬಂದೆ. ಈಗ ಎಚ್‌ಆರ್ ವಿಭಾಗದಿಂದ ಫುಲ್ ಅಂಡ್ ಫೈನಲ್ ಲೆಕ್ಕದ ಹಾಳೆ ಬಂದಿದೆ. ಅದರ ಎಡಭಾಗದಲ್ಲಿ ಜನವರಿಯ 16 ದಿನಗಳ ಸಂಬಳ ಮತ್ತು 12 ದಿನಗಳ ಗಳಿಕೆ ರಜೆಯ ಹಣವಿದೆ. ಬಲಭಾಗದಲ್ಲಿ "ನೋಟಿಸ್ ಕೊರತೆ 30 ದಿನ, 65,000 ರೂಪಾಯಿ" ಮತ್ತು "ತರಬೇತಿ ಬಾಂಡ್, 1,50,000 ರೂಪಾಯಿ" ಎಂದಿದೆ. ಗ್ರಾಚ್ಯುಟಿಯ (ಸೇವೆಗಾಗಿ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿನ) ಎದುರು "ಅನ್ವಯಿಸುವುದಿಲ್ಲ, 5 ವರ್ಷ ಪೂರ್ಣಗೊಂಡಿಲ್ಲ" ಎಂದು ಬರೆದಿದ್ದಾರೆ. ಕೂಡಿ ಕಳೆದರೆ ಸುಮಾರು 1.7 ಲಕ್ಷ ರೂಪಾಯಿಯನ್ನು ನಾನೇ ಕಂಪನಿಗೆ ಕಟ್ಟಬೇಕಂತೆ, ಕಟ್ಟಿದ ಮೇಲೆಯೇ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂಬ ಪತ್ರ) ಅಂತೆ.

ನೋಟಿಸ್ ಅವಧಿಯನ್ನು 2024ರಲ್ಲಿ 90 ದಿನಕ್ಕೆ ಏರಿಸಿದ್ದೇವೆ, ಎಲ್ಲರಿಗೂ ಇಮೇಲ್ ಹೋಗಿದೆ ಎಂಬುದು ಅವರ ವಾದ. ನಾನು ಯಾವುದಕ್ಕೂ ಸಹಿ ಹಾಕಿಲ್ಲ. ಬಾಂಡ್‌ಗೆ ಮಾತ್ರ 2024ರ ಜೂನ್‌ನಲ್ಲಿ ಸಹಿ ಹಾಕಿದ್ದೇನೆ; ದಾಸ್ತಾನು ನಿರ್ವಹಣೆಯ ಸಾಫ್ಟ್‌ವೇರ್ ಬಗ್ಗೆ ನಾಲ್ಕು ಶನಿವಾರಗಳ ಆನ್‌ಲೈನ್ ತರಗತಿ ನಡೆಸಿದ್ದರು, ಎರಡು ವರ್ಷ ಬಿಡಬಾರದು ಎಂಬ ಷರತ್ತಿತ್ತು. ಹುದ್ದೆಯ ಹೆಸರು ಅಸಿಸ್ಟೆಂಟ್ ಮ್ಯಾನೇಜರ್, ಬೇಸಿಕ್ 26,000, ಒಟ್ಟು ಸಂಬಳ 65,000, ವಾರಕ್ಕೆ ಐದು ದಿನ ಕೆಲಸ. ಹೊಸ ಕಂಪನಿಯವರು ರಿಲೀವಿಂಗ್ ಲೆಟರ್‌ಗಾಗಿ ದಿನವೂ ಫೋನ್ ಮಾಡುತ್ತಿದ್ದಾರೆ. ಬಲ್ಲವರು ದಾರಿ ತೋರಿಸಬೇಕು.

ಬೆಳಗಾವಿ ಕುಂದಾ

ಕೆಲಸ ಬಿಟ್ಟವನೇ ಕಂಪನಿಗೆ ಸಂಬಳ ಕೊಡುವ ಪದ್ಧತಿ ಬೆಂಗಳೂರಿನಲ್ಲಿ ಯಾವಾಗ ಶುರುವಾಯಿತು, ಸ್ವಾಮಿ?

ಪೀಣ್ಯದ ಫಿಟ್ಟರ್

ಬಾಂಡ್ ಎಂಬುದು ರದ್ದಿ ಕಾಗದ. ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಒಂದು ಪೈಸೆಯನ್ನೂ ಕಟ್ಟಬೇಡಿ. ಗ್ರಾಚ್ಯುಟಿಗೆ ಮಾತ್ರ ಐದು ವರ್ಷ ಆಗಲೇಬೇಕು, ಎರಡು ತಿಂಗಳು ತಡೆದಿದ್ದರೆ ಚೆನ್ನಾಗಿತ್ತು.

ಕರಿಕೋಟು

ಫಿಟ್ಟರ್ ಅವರ ಎರಡೂ ಮಾತುಗಳಿಗೆ ತಕರಾರು ಎತ್ತಬೇಕಾಗಿದೆ.

ಮೊದಲು ಗ್ರಾಚ್ಯುಟಿ. ಐದು ವರ್ಷಗಳ ನಿರಂತರ ಸೇವೆ ಬೇಕು ಎಂಬುದು ನಿಜ. ಆದರೆ ಒಂದು ವರ್ಷದ ನಿರಂತರ ಸೇವೆ ಎಂದರೆ ಏನೆಂಬುದನ್ನು ಕಾಯ್ದೆಯೇ ಬೇರೆಡೆ ವಿವರಿಸಿದೆ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ 2ಎ ಕಲಮಿನ ಪ್ರಕಾರ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷವೆಂದೇ ಪರಿಗಣಿಸಬೇಕು. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಗಳಲ್ಲಿ ಮತ್ತು ಭೂಮಿಯೊಳಗಿನ ಗಣಿ ಕೆಲಸದಲ್ಲಿ 190 ದಿನ ಸಾಕು. ಇದರ ಆಧಾರದ ಮೇಲೆ, ನಾಲ್ಕು ವರ್ಷ ಮುಗಿಸಿ ಐದನೆಯ ವರ್ಷದಲ್ಲಿ 240 ದಿನ ದುಡಿದವರಿಗೆ ಗ್ರಾಚ್ಯುಟಿ ಸಲ್ಲುತ್ತದೆ ಎಂದು ಮದ್ರಾಸ್ ಹೈಕೋರ್ಟ್ 1996ರ ಮೆಟ್ಟೂರ್ ಬಿಯರ್ಡ್‌ಸೆಲ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಐದನೆಯ ವರ್ಷ 2025ರ ಮಾರ್ಚ್ 8ಕ್ಕೆ ಆರಂಭವಾಗಿದೆ. ಅಂದಿನಿಂದ ಜನವರಿ 16ರವರೆಗೆ ಶನಿವಾರ, ಭಾನುವಾರ, ಹಬ್ಬದ ರಜೆಗಳನ್ನೆಲ್ಲ ಕಳೆದರೂ 200 ದಿನ ದಾಟುತ್ತದೆ. ನಿಮ್ಮದು ಐದು ದಿನದ ವಾರವಾದ್ದರಿಂದ 190ರ ಗೆರೆಯನ್ನು ನೀವು ದಾಟಿದ್ದೀರಿ. ಸಂಬಳ ಸಹಿತ ರಜಾದಿನಗಳನ್ನೂ ದುಡಿದ ದಿನಗಳ ಲೆಕ್ಕಕ್ಕೆ ಸೇರಿಸಬೇಕೆಂದು, ಕೈಗಾರಿಕಾ ವಿವಾದ ಕಾಯ್ದೆಯ ಇದೇ ಬಗೆಯ ಕಲಮನ್ನು ಅರ್ಥೈಸುತ್ತ ಸುಪ್ರೀಂ ಕೋರ್ಟ್ 1985ರ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಹೇಳಿದೆ. ಆ ಲೆಕ್ಕ ಹಿಡಿದರೆ 240ನ್ನೂ ದಾಟುತ್ತೀರಿ.

ಇನ್ನು ಬಾಂಡ್. ಅದನ್ನು ರದ್ದಿ ಎಂದು ತಳ್ಳಿಹಾಕುವ ಕಾಲ ಹೋಯಿತು. ನಮ್ಮ ಬೆಂಗಳೂರಿನದೇ ಆಗಿದ್ದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತ್ತು; ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಆ ತೀರ್ಪನ್ನು ಬದಿಗೆ ಸರಿಸಿ ಷರತ್ತನ್ನು ಎತ್ತಿಹಿಡಿಯಿತು. ಆದರೆ ಅದು ಸಾರ್ವಜನಿಕ ಬ್ಯಾಂಕು, ದೇಶವ್ಯಾಪಿ ನೇಮಕಾತಿ ಪ್ರಕ್ರಿಯೆಯನ್ನು ಮತ್ತೆ ನಡೆಸುವ ಖರ್ಚು ಅಲ್ಲಿ ಮುಖ್ಯ ಅಂಶವಾಗಿತ್ತು. ನಾಲ್ಕು ಶನಿವಾರದ ಆನ್‌ಲೈನ್ ತರಗತಿಗೆ ಒಂದೂವರೆ ಲಕ್ಷ ಎಂದರೆ 1872ರ ಕರಾರು ಕಾಯ್ದೆಯ 74ನೆಯ ಕಲಮು ಅಡ್ಡ ಬರುತ್ತದೆ. ಕಾಗದದಲ್ಲಿ ಎಷ್ಟೇ ಬರೆದಿರಲಿ, ಸಿಗುವುದು ಸಮಂಜಸವಾದ ಪರಿಹಾರ ಮಾತ್ರ. ಎರಡು ವರ್ಷದಲ್ಲಿ ಹತ್ತೊಂಬತ್ತು ತಿಂಗಳನ್ನು ನೀವು ಮುಗಿಸಿಯೂ ಇದ್ದೀರಿ.

ಎಚ್‌ಆರ್ ಮೇಜಿನ ಈಚೆ

ಇಲ್ಲಿ ಎಲ್ಲರೂ ಕಂಪನಿಯನ್ನು ಖಳನಾಯಕನಂತೆ ಕಾಣುತ್ತಿರುವುದರಿಂದ ಆ ಬದಿಯ ಮಾತನ್ನೂ ಹೇಳುತ್ತೇನೆ. ನಾನು ಮಧ್ಯಮ ಗಾತ್ರದ ಸಂಸ್ಥೆಯೊಂದರಲ್ಲಿ ಮಾನವ ಸಂಪನ್ಮೂಲ ವಿಭಾಗ ನೋಡಿಕೊಳ್ಳುತ್ತೇನೆ. ಸೋಮವಾರ ಬೆಳಗ್ಗೆ ಒಂದು ಇಮೇಲ್ ಕಳಿಸಿ, ಫೋನ್ ಸ್ವಿಚ್ ಆಫ್ ಮಾಡಿ, ಲ್ಯಾಪ್‌ಟಾಪನ್ನು ಕೊರಿಯರ್‌ನಲ್ಲಿ ಕಳಿಸುವವರು ಪ್ರತಿ ತಿಂಗಳೂ ಇರುತ್ತಾರೆ. ಅವರ ಕೆಲಸ ಉಳಿದವರ ತಲೆಯ ಮೇಲೆ ಬೀಳುತ್ತದೆ. ನೋಟಿಸ್ ಅವಧಿ ಎರಡೂ ಕಡೆಯವರಿಗೆ ಅನ್ವಯಿಸುವ ಕರಾರು. ಕಂಪನಿ ತೆಗೆದುಹಾಕಿದಾಗ ನೋಟಿಸ್ ಸಂಬಳ ಬೇಕು ಎನ್ನುವವರು ತಾವು ಬಿಡುವಾಗಲೂ ಅದನ್ನು ಗೌರವಿಸಬೇಕು.

ಆದರೂ ಗುಮಾಸ್ತರೇ, ನಿಮ್ಮ ವಿಷಯದಲ್ಲಿ ಕಂಪನಿಯ ಎಚ್‌ಆರ್ ಎಡವಿದೆ ಎಂದೇ ನನ್ನ ಅಭಿಪ್ರಾಯ. ನೇಮಕಾತಿ ಪತ್ರ 60 ದಿನ ಎನ್ನುತ್ತಿರುವಾಗ ಸಾಮೂಹಿಕ ಇಮೇಲ್‌ನಿಂದ ಅದನ್ನು 90 ಮಾಡಲು ಬರುವುದಿಲ್ಲ. "ಕಂಪನಿಯ ನೀತಿಗಳು ಕಾಲಕಾಲಕ್ಕೆ ಬದಲಾಗುತ್ತವೆ, ಬದಲಾದಂತೆ ಅನ್ವಯಿಸುತ್ತವೆ" ಎಂಬ ಸಾಲು ನೇಮಕಾತಿ ಪತ್ರದ ಕೊನೆಯಲ್ಲಿ ಇದೆಯೇ, ನೋಡಿ ಹೇಳಿ. ಅವರು ನೇತುಬೀಳುವುದು ಆ ಸಾಲಿಗೇ.

ಗೋಡೌನ್ ಗುಮಾಸ್ತ

ಇದೆ ಮೇಡಂ. ಮೂರನೆಯ ಪುಟದಲ್ಲಿ, ಬೆಂಕಿಪೊಟ್ಟಣದ ಮೇಲಿನ ಅಕ್ಷರಗಳಷ್ಟು ಸಣ್ಣದಾಗಿ. ಆದರೆ ನವೆಂಬರ್ 19ರಂದು ನನ್ನ ಮ್ಯಾನೇಜರ್ "ರಾಜೀನಾಮೆ ಅಂಗೀಕರಿಸಲಾಗಿದೆ, ಕೊನೆಯ ದಿನ ಜನವರಿ 16" ಎಂದು ಇಮೇಲ್ ಕಳಿಸಿದ್ದಾರೆ, ಎಚ್‌ಆರ್‌ಗೂ ಅದರ ಪ್ರತಿ ಹೋಗಿದೆ.

ಎಚ್‌ಆರ್ ಮೇಜಿನ ಈಚೆ

ಹಾಗಿದ್ದರೆ 65,000ದ ಮಾತು ಅಲ್ಲಿಗೇ ಮುಗಿಯಿತು. ತಾವೇ ಕೊನೆಯ ದಿನವನ್ನು ನಿಗದಿ ಮಾಡಿ ಆಮೇಲೆ ಕೊರತೆ ಎನ್ನುವುದು ಹೇಗೆ? ಆ ಇಮೇಲನ್ನು ನಿಮ್ಮ ವೈಯಕ್ತಿಕ ವಿಳಾಸಕ್ಕೆ ಕಳಿಸಿಕೊಂಡಿದ್ದೀರಿ ತಾನೇ? ಕಂಪನಿಯ ಮೇಲ್‌ಪೆಟ್ಟಿಗೆ ಈಗ ನಿಮಗೆ ತೆರೆಯುವುದಿಲ್ಲ.

ಗೋಡೌನ್ ಗುಮಾಸ್ತ

ಪಿಡಿಎಫ್ ಮಾಡಿ ಇಟ್ಟುಕೊಂಡಿದ್ದೇನೆ.

ಹಳೆಯ ಪರ್ಸನಲ್ ಆಫೀಸರ್

ನಾನು ನಿವೃತ್ತನಾಗುವ ಹೊತ್ತಿಗೆ ನಮ್ಮ ವಿಭಾಗದ ಬಾಗಿಲಿನ ಫಲಕ ಪರ್ಸನಲ್‌ನಿಂದ ಎಚ್‌ಆರ್ ಆಗಿತ್ತು, ಒಳಗಿನ ಕಡತಗಳು ಮಾತ್ರ ಅವೇ. ಮಧ್ಯ ಕರ್ನಾಟಕದ ಕಾರ್ಖಾನೆಯೊಂದರಲ್ಲಿ ಇಂಥ ಲೆಕ್ಕದ ಹಾಳೆಗಳನ್ನು ವರ್ಷಗಟ್ಟಲೆ ತಯಾರಿಸಿದ ಅನುಭವದಿಂದ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಇಲ್ಲಿ ಇರುವುದು ಒಂದು ಲೆಕ್ಕವಲ್ಲ, ನಾಲ್ಕು ಲೆಕ್ಕ. ದುಡಿದ ದಿನಗಳ ಸಂಬಳ ಒಂದು, ಗ್ರಾಚ್ಯುಟಿ ಇನ್ನೊಂದು, ನೋಟಿಸ್ ಮತ್ತೊಂದು, ಬಾಂಡ್ ನಾಲ್ಕನೆಯದು. ಪ್ರತಿಯೊಂದಕ್ಕೂ ಬೇರೆ ಕಾಯ್ದೆ, ಬೇರೆ ಕಚೇರಿ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೂಡಿ ಕಳೆದು ಕೊನೆಯಲ್ಲಿ ಒಂದು ಸಂಖ್ಯೆ ತೋರಿಸುವುದು ಕಂಪನಿಗಳ ಹಳೆಯ ಚಾಳಿ. ನೌಕರ ಆ ಕೊನೆಯ ಸಂಖ್ಯೆಯನ್ನು ಹಿಡಿದು ಚೌಕಾಸಿಗೆ ಇಳಿದರೆ ಕಂಪನಿ ಅರ್ಧ ಗೆದ್ದಂತೆ.

ಗ್ರಾಚ್ಯುಟಿಯನ್ನು ಬಾಂಡ್ ಬಾಕಿಗೆ ಮುರಿದುಕೊಳ್ಳಲು ಬರುವುದಿಲ್ಲ. ಅದನ್ನು ತಡೆಹಿಡಿಯಲು ಕಾಯ್ದೆ ಕೊಡುವ ಕಾರಣಗಳು ಎಣಿಸಿದಷ್ಟೇ ಇವೆ: ನೌಕರ ಕಂಪನಿಯ ಆಸ್ತಿಗೆ ಉದ್ದೇಶಪೂರ್ವಕವಾಗಿಯೋ ನಿರ್ಲಕ್ಷ್ಯದಿಂದಲೋ ಹಾನಿ ಮಾಡಿ ಅದಕ್ಕಾಗಿ ಕೆಲಸದಿಂದ ತೆಗೆಯಲ್ಪಟ್ಟಿದ್ದರೆ ಆ ಹಾನಿಯಷ್ಟು ಮೊತ್ತ, ದೊಂಬಿ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ವಜಾ ಆಗಿದ್ದರೆ ಪೂರ್ತಿ ಅಥವಾ ಭಾಗಶಃ. ರಾಜೀನಾಮೆ ಕೊಟ್ಟು ಮರ್ಯಾದೆಯಿಂದ ಹೊರಬಂದವನಿಗೆ ಇವು ಯಾವುವೂ ತಾಗುವುದಿಲ್ಲ.

ಪೀಣ್ಯದ ಫಿಟ್ಟರ್

ಕರಿಕೋಟು ಸಾರ್, ಮದ್ರಾಸ್ ಹೈಕೋರ್ಟಿನ ತೀರ್ಪು ನಮ್ಮ ರಾಜ್ಯದ ಅಧಿಕಾರಿಯನ್ನು ಕಟ್ಟಿಹಾಕುತ್ತದೆಯೇ? ನಮ್ಮ ಕಾರ್ಖಾನೆಯ ಮ್ಯಾನೇಜ್‌ಮೆಂಟ್ ಇದೇ ಪ್ರಶ್ನೆಯನ್ನು ಯೂನಿಯನ್‌ನವರ ಮುಖಕ್ಕೆ ಎಸೆದಿತ್ತು.

ಕರಿಕೋಟು

ಕಟ್ಟಿಹಾಕುವುದಿಲ್ಲ, ಮನವೊಲಿಸುವ ಬಲವುಳ್ಳದ್ದು. ಮಾಲೀಕರು ಅದನ್ನು ಪ್ರಶ್ನಿಸಬಹುದು, ಪ್ರಶ್ನಿಸುತ್ತಾರೆ ಕೂಡ. ಆದರೆ ಕಲಮಿನ ಭಾಷೆಯೇ ನೌಕರನ ಪರವಾಗಿದೆ. ಇನ್ನೊಂದು ವಿಷಯ ಗಮನಿಸಿ: ಗ್ರಾಚ್ಯುಟಿ ತಕರಾರುಗಳನ್ನು ತೀರ್ಮಾನಿಸುವ ಪ್ರಾಧಿಕಾರದ ಆದೇಶದ ವಿರುದ್ಧ ಮಾಲೀಕ ಮೇಲ್ಮನವಿ ಹೋಗಬೇಕಾದರೆ ಆದೇಶವಾದ ಗ್ರಾಚ್ಯುಟಿ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಎಷ್ಟೋ ಕಂಪನಿಗಳು ಅಲ್ಲಿಗೇ ಮೆತ್ತಗಾಗುತ್ತವೆ.

ಮೈಸೂರು ರಸ್ತೆ ಟೈಲರ್

ನೀವೆಲ್ಲ 240 ದಿನ, 190 ದಿನ ಎಂದು ಲೆಕ್ಕ ಹಾಕುತ್ತಿದ್ದೀರಿ. ನಾನು ಕೆಲಸ ಮಾಡಿದ ಗಾರ್ಮೆಂಟ್ಸ್‌ನಲ್ಲಿ ಆ ಲೆಕ್ಕವೇ ಹುಟ್ಟದಂತೆ ನೋಡಿಕೊಳ್ಳುತ್ತಿದ್ದರು. ನಾಲ್ಕು ವರ್ಷ ದಾಟುತ್ತಿದ್ದಂತೆ ಸೂಪರ್‌ವೈಸರ್ ಬಂದು, "ಅಕ್ಕಾ, ಪಿಎಫ್ ದುಡ್ಡು ಕೈಗೆ ಬರುತ್ತದೆ, ರಾಜೀನಾಮೆ ಬರೆದುಕೊಡಿ, ತಿಂಗಳು ಬಿಟ್ಟು ಮತ್ತೆ ಸೇರಿಸಿಕೊಳ್ಳುತ್ತೇವೆ" ಎನ್ನುತ್ತಿದ್ದ. ಮಕ್ಕಳ ಫೀಸಿನ ಹೊತ್ತಿಗೆ ಆ ಮಾತು ಯಾರಿಗೆ ಬೇಡ? ತಿಂಗಳು ಬಿಟ್ಟು ಹೋದರೆ ಅದೇ ಲೈನ್, ಅದೇ ಕಾಲರ್ ಹೊಲಿಯುವ ಮೆಷಿನ್, ಟೋಕನ್ ನಂಬರ್ ಮಾತ್ರ ಹೊಸದು. ಹನ್ನೊಂದು ವರ್ಷ ಹೊಲಿದ ನನ್ನ ಪಕ್ಕದ ಮೆಷಿನ್‌ನವಳಿಗೆ ಕಾಗದದ ಮೇಲೆ ಇದ್ದದ್ದು ಮೂರು ವರ್ಷದ ಸೇವೆ.

2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯುವ ನಿಯಮವನ್ನು ಬಿಗಿ ಮಾಡಿದಾಗ ಬೆಂಗಳೂರಿನ ರಸ್ತೆಗಿಳಿದವರು ನಾವೇ, ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು. ಪಿಎಫ್‌ಗೆ ಅಷ್ಟು ಗಲಾಟೆ ಮಾಡಿದ ನಮಗೆ ಗ್ರಾಚ್ಯುಟಿ ಜಾರಿಹೋಗುತ್ತಿರುವುದು ಕಾಣಲಿಲ್ಲ.

ಹಳೆಯ ಪರ್ಸನಲ್ ಆಫೀಸರ್

ಅಮ್ಮಾ, ನಿಮ್ಮ ಗೆಳತಿಯ ಪಿಎಫ್ ಪಾಸ್‌ಬುಕ್ ತೆಗೆಸಿ ನೋಡಿ. ಅದರಲ್ಲಿ ಪ್ರತಿ ಸಲ ಬಿಟ್ಟ ತಿಂಗಳು, ಸೇರಿದ ತಿಂಗಳು ದಾಖಲಾಗಿರುತ್ತದೆ. ಒಂದೇ ಸಂಸ್ಥೆ, ಒಂದೇ ಕೆಲಸ, ನಡುವೆ ಒಂದೊಂದೇ ತಿಂಗಳ ಬಿಡುವು ಎಂಬ ಚಿತ್ರ ಅಲ್ಲಿಯೇ ಕಾಣಿಸುತ್ತದೆ. ಆ ಬಿಡುವು ಕೃತಕವೆಂದು ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಬೇರೆ ಸಿಗಲಾರದು. ಮಹಿಳೆಯರಿಗೆ ಮತ್ತು ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಆ ಕಚೇರಿ ಇರುತ್ತದೆ.

ಶಾರ್ಜಾ ಕನ್ನಡಿಗ

ವಿಷಯಾಂತರಕ್ಕೆ ಕ್ಷಮೆಯಿರಲಿ. ಇಲ್ಲಿ ಯುಎಇಯಲ್ಲಿ ಒಂದು ವರ್ಷ ಮುಗಿಸಿದರೆ ಸಾಕು, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನಗಳದ್ದು. ಊರಿನಲ್ಲಿ ಐದು ವರ್ಷ ಕಾಯಿಸುವುದು ಯಾವ ನ್ಯಾಯ?

ಕರಿಕೋಟು

ಅಲ್ಲಿ ನಿಮ್ಮಂಥ ವಿದೇಶಿ ನೌಕರರಿಗೆ ನಮ್ಮಲ್ಲಿರುವಂಥ ಕಡ್ಡಾಯ ಪಿಂಚಣಿಯೂ ಇಲ್ಲ, ಪಿಎಫ್ಫೂ ಇಲ್ಲ, ಆದ್ದರಿಂದ ಹೋಲಿಕೆ ಪೂರ್ತಿ ಸರಿಹೋಗದು. ಆದರೆ ನಿಮ್ಮ ಪ್ರಶ್ನೆಗೆ ಇಲ್ಲೂ ಅರ್ಧ ಉತ್ತರ ಬಂದಿದೆ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ನಿಗದಿತ ಅವಧಿಯ ಕರಾರಿನ ಮೇಲೆ ದುಡಿಯುವವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ. ಖಾಯಂ ನೌಕರರಿಗೆ ಮಾತ್ರ ಐದು ವರ್ಷದ ನಿಯಮ ಹಾಗೆಯೇ ಉಳಿದಿದೆ, 240 ಮತ್ತು 190 ದಿನಗಳ ವಿವರಣೆಯೂ ಉಳಿದಿದೆ. ಎಲ್ಲರಿಗೂ ಒಂದೇ ವರ್ಷ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುವ ಸಂದೇಶವನ್ನು ನಂಬಬೇಡಿ.

ಗುಮಾಸ್ತರು ಕೆಲಸ ಬಿಟ್ಟದ್ದು ಸಂಹಿತೆಗಳು ಜಾರಿಯಾದ ನಂತರ. ಅದರಿಂದ ಅವರಿಗೆ ಎರಡು ಅನುಕೂಲಗಳಿವೆ. ವೇತನ ಸಂಹಿತೆಯ 17ನೆಯ ಕಲಮಿನ ಪ್ರಕಾರ ತೆಗೆದುಹಾಕಿದರೂ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಹಳೆಯ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿಗಿಂತ ಹೆಚ್ಚು ಪಡೆಯುವವರಿಗೆ ಅನ್ವಯಿಸುತ್ತಿರಲಿಲ್ಲ, ಸಂಹಿತೆಗೆ ಆ ಮಿತಿ ಇಲ್ಲ. ವೇತನದಿಂದ ಏನೇನನ್ನು ಕಡಿತ ಮಾಡಬಹುದು ಎಂಬ ಪಟ್ಟಿ 18ನೆಯ ಕಲಮಿನಲ್ಲಿದೆ, ಅದರಲ್ಲಿ ತರಬೇತಿ ಬಾಂಡ್‌ನ ಹೆಸರಿಲ್ಲ. ಕಾನೂನುಬದ್ಧ ಕಡಿತವೂ ವೇತನದ ಅರ್ಧ ಮೀರುವಂತಿಲ್ಲ. ಬಾಂಡ್ ಹಣ ಬೇಕಿದ್ದರೆ ಅವರು ಸಿವಿಲ್ ದಾವೆ ಹೂಡಿ ನಷ್ಟವನ್ನು ಸಾಬೀತು ಮಾಡಲಿ.

ಎರಡನೆಯದು ವೇತನದ ಹೊಸ ವ್ಯಾಖ್ಯೆ. ಭತ್ಯೆಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಹಳೆಯ ಲೆಕ್ಕದಲ್ಲಿ 26,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000, ಐದು ವರ್ಷಕ್ಕೆ 75,000. ಹೊಸ ವ್ಯಾಖ್ಯೆಯಲ್ಲಿ 65,000ದ ಅರ್ಧ 32,500 ಕನಿಷ್ಠ ವೇತನವಾಗುವುದರಿಂದ ವರ್ಷಕ್ಕೆ 18,750, ಐದಕ್ಕೆ 93,750. ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸುವುದರಿಂದ ಐದು ಎಂದು ಹಿಡಿದಿದ್ದೇನೆ.

ಎಚ್‌ಆರ್ ಮೇಜಿನ ಈಚೆ

ಎರಡು ದಿನ! ಲೆಕ್ಕಪತ್ರ, ಐಟಿ, ಗೋದಾಮು, ಎಲ್ಲ ವಿಭಾಗಗಳಿಂದ ನೋ ಡ್ಯೂಸ್ (ಬಾಕಿ ಏನೂ ಇಲ್ಲ ಎಂಬ ಸಹಿ) ಬರುವುದಕ್ಕೇ ಎರಡು ವಾರ ಬೇಕು. ಕಾನೂನು ಬರೆಯುವವರು ಒಮ್ಮೆ ನಮ್ಮ ಮೇಜಿನಲ್ಲಿ ಕುಳಿತು ನೋಡಲಿ.

ಬೆಳಗಾವಿ ಕುಂದಾ

ಎರಡು ತಿಂಗಳು ನೋಟಿಸ್ ದುಡಿಸಿಕೊಳ್ಳುವಾಗ ಆ ನೋ ಡ್ಯೂಸ್ ಎಲ್ಲಿ ಮಲಗಿತ್ತು ಮೇಡಂ?

ಹಳೆಯ ಪರ್ಸನಲ್ ಆಫೀಸರ್

ಕುಂದಾ ಅವರ ಮಾತು ಚುರುಕಾಗಿದ್ದರೂ ನ್ಯಾಯವಾಗಿದೆ. ಕೊನೆಯ ವಾರದಲ್ಲಿಯೇ ನೋ ಡ್ಯೂಸ್ ಹಾಳೆಯನ್ನು ಸುತ್ತಿಸುವ ಪದ್ಧತಿ ಇಟ್ಟುಕೊಂಡರೆ ಎರಡು ದಿನ ಕಷ್ಟವಲ್ಲ.

ಪೀಣ್ಯದ ಫಿಟ್ಟರ್

ಅವರು ಅಸಿಸ್ಟೆಂಟ್ ಮ್ಯಾನೇಜರ್ ಅಲ್ಲವೇ? ಮ್ಯಾನೇಜರ್‌ಗಳಿಗೆ ಕಾರ್ಮಿಕ ಕಾನೂನು ಇಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ.

ಕರಿಕೋಟು

ಆ ಮಾತು ಕೈಗಾರಿಕಾ ವಿವಾದಕ್ಕೆ ಸಂಬಂಧಿಸಿದ್ದು. ವಜಾ ಪ್ರಶ್ನಿಸಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬೇಕಾದರೆ ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರಬೇಕು. ಅಲ್ಲಿಯೂ ನ್ಯಾಯಾಲಯ ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನನಿತ್ಯ ಮಾಡುವ ಕೆಲಸವನ್ನು. ಗ್ರಾಚ್ಯುಟಿಗೂ ವೇತನ ಸಂಹಿತೆಗೂ ಆ ಭೇದವಿಲ್ಲ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಜನರಲ್ ಮ್ಯಾನೇಜರ್‌ಗೂ ಗ್ರಾಚ್ಯುಟಿ ಸಲ್ಲುತ್ತದೆ.

ಗೋಡೌನ್ ಗುಮಾಸ್ತ

ರಿಲೀವಿಂಗ್ ಲೆಟರ್ ವಿಷಯ ಹಾಗೆಯೇ ಉಳಿಯಿತು. ನನಗೆ ಈಗ ಸುಡುತ್ತಿರುವುದು ಅದೇ.

ಎಚ್‌ಆರ್ ಮೇಜಿನ ಈಚೆ

ನೇಮಕ ಮಾಡುವವಳಾಗಿ ಹೇಳುತ್ತೇನೆ, ಹೊಸ ಕಂಪನಿಗೆ ಬೇಕಿರುವುದು ನೀವು ಅಲ್ಲಿ ಬಿಟ್ಟಿದ್ದೀರಿ ಎಂಬ ಖಾತ್ರಿ. ರಾಜೀನಾಮೆ ಅಂಗೀಕಾರದ ಇಮೇಲ್, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಲ್ಯಾಪ್‌ಟಾಪ್ ಒಪ್ಪಿಸಿದ ರಸೀದಿ, ಇವಿಷ್ಟನ್ನು ಕೊಟ್ಟು ಪರಿಸ್ಥಿತಿಯನ್ನು ಬಿಚ್ಚಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಪಿಎಫ್ ಖಾತೆಯಲ್ಲಿ ನಿರ್ಗಮನ ದಿನಾಂಕವನ್ನು ಹಳೆಯ ಕಂಪನಿ ನಮೂದಿಸದಿದ್ದರೆ, ಕೊನೆಯ ವಂತಿಗೆ ಬಂದ ಎರಡು ತಿಂಗಳ ನಂತರ ಯುಎಎನ್ ಪೋರ್ಟಲ್‌ನಲ್ಲಿ ನೀವೇ ನಮೂದಿಸಬಹುದು. ಅದಕ್ಕಾಗಿ ಯಾರ ಕಾಲನ್ನೂ ಹಿಡಿಯಬೇಕಾಗಿಲ್ಲ.

ಹಳೆಯ ಪರ್ಸನಲ್ ಆಫೀಸರ್

ಮಾದರಿ ಸ್ಥಾಯಿ ಆದೇಶಗಳಲ್ಲಿ (ಕೆಲಸದ ಷರತ್ತುಗಳಿಗೆ ಸರ್ಕಾರ ಕೊಟ್ಟ ಮಾದರಿ ನಿಯಮಗಳಲ್ಲಿ) ಖಾಯಂ ಕಾರ್ಮಿಕನಿಗೆ ಸೇವಾ ಪ್ರಮಾಣಪತ್ರದ ಹಕ್ಕನ್ನು ಬರೆದಿದ್ದಾರೆ. ಅದು ಅನ್ವಯಿಸಲಿ ಬಿಡಲಿ, ಪತ್ರದಲ್ಲಿ "ರಿಲೀವಿಂಗ್ ಲೆಟರ್" ಜೊತೆಗೆ "ಸೇವಾ ಪ್ರಮಾಣಪತ್ರ"ವನ್ನೂ ಬೇರೆಯಾಗಿ ಕೇಳಿ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಕೆಲಸ ಮಾಡಿದ ಎಂದು ಬರೆದುಕೊಡುವುದಕ್ಕೂ ಬಾಕಿ ವಸೂಲಿಗೂ ಸಂಬಂಧವಿಲ್ಲ, ಅದನ್ನು ನಿರಾಕರಿಸಿದರೆ ಕಾರ್ಮಿಕ ಅಧಿಕಾರಿಯ ಎದುರು ಅವರೇ ಸಣ್ಣವರಾಗುತ್ತಾರೆ.

ಪೀಣ್ಯದ ಫಿಟ್ಟರ್

ಒಂದು ಮಾತು ಸೇರಿಸುತ್ತೇನೆ, ಎಲ್ಲರಿಗೂ ಉಪಯೋಗಕ್ಕೆ ಬರಲಿ. ನಮ್ಮ ಟರ್ನರ್ ಒಬ್ಬರು ಎರಡೇ ವರ್ಷದ ಸೇವೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಐದು ವರ್ಷ ಆಗಿಲ್ಲ, ಏನೂ ಬರುವುದಿಲ್ಲ ಎಂದು ಮನೆಯವರು ಸುಮ್ಮನಿದ್ದರು. ಸಾವು ಅಥವಾ ಶಾಶ್ವತ ಅಂಗವೈಕಲ್ಯದಿಂದ ಕೆಲಸ ನಿಂತರೆ ಐದು ವರ್ಷದ ನಿಯಮವೇ ಇಲ್ಲವೆಂದು ಯೂನಿಯನ್‌ನವರು ಹೇಳಿದ ಮೇಲೆ ಅರ್ಜಿ ಹಾಕಿದ್ದು. ನಾಮನಿರ್ದೇಶನದ ನಮೂನೆಯಲ್ಲಿ ಮದುವೆಗೆ ಮುಂಚೆ ಬರೆಸಿದ್ದ ಹೆಸರು, ಅಂದರೆ ಅವರ ತಾಯಿಯ ಹೆಸರೇ ಇತ್ತು, ಅದರಿಂದ ಮತ್ತಷ್ಟು ತಿಂಗಳು ಎಳೆಯಿತು. ಮದುವೆಯಾದವರು ನಿಮ್ಮ ನಮೂನೆ ಎಫ್ ತೆಗೆದು ನೋಡಿ.

ಕರಿಕೋಟು

ಅತ್ಯಂತ ಉಪಯುಕ್ತ ಮಾತು. ಮದುವೆಯಾಗಿ ಕುಟುಂಬ ಬಂದ ಮೇಲೆ ಹಳೆಯ ನಾಮನಿರ್ದೇಶನವನ್ನು ಬದಲಿಸಲೇಬೇಕು.

ಗೋಡೌನ್ ಗುಮಾಸ್ತ

ಎಲ್ಲರಿಗೂ ವಂದನೆಗಳು. ಆಫೀಸರ್ ಸಾರ್ ಹೇಳಿದಂತೆ ನಾಲ್ಕು ಲೆಕ್ಕವನ್ನೂ ನಾಲ್ಕು ಪ್ಯಾರಾಗಳಾಗಿ ಬರೆದು ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ಕಳಿಸಿದೆ. ಗ್ರಾಚ್ಯುಟಿಗೆ ನಮೂನೆ ಐ ಅನ್ನೂ ಲಗತ್ತಿಸಿದ್ದೆ. ಇವತ್ತು ಉತ್ತರ ಬಂತು. ನೋಟಿಸ್ ಕೊರತೆಯ 65,000ವನ್ನು "ಮರುಪರಿಶೀಲನೆಯ ನಂತರ" ಕೈಬಿಟ್ಟಿದ್ದಾರೆ, ಸೇವಾ ಪ್ರಮಾಣಪತ್ರವನ್ನು ಸೋಮವಾರ ಕಳಿಸುತ್ತಾರಂತೆ. ಬಾಂಡ್ ಬಗ್ಗೆ ತರಬೇತಿ ಸಂಸ್ಥೆಗೆ ಕೊಟ್ಟ ಹಣದ ಬಿಲ್ಲನ್ನು ಕೇಳಿದ್ದೆ, ಅದಕ್ಕೆ ಉತ್ತರವಿಲ್ಲ. ಗ್ರಾಚ್ಯುಟಿಗೆ "ಕಾನೂನು ವಿಭಾಗದ ಅಭಿಪ್ರಾಯ ಕೇಳಿದ್ದೇವೆ" ಎಂದಿದ್ದಾರೆ. ಇದಕ್ಕೆ ಎಷ್ಟು ದಿನ ಕಾಯಬೇಕು?

ಕರಿಕೋಟು

ಗ್ರಾಚ್ಯುಟಿ ಸಲ್ಲುವ ದಿನದಿಂದ 30 ದಿನ, ನಿಮ್ಮ ವಿಷಯದಲ್ಲಿ ಫೆಬ್ರವರಿಯ ಮಧ್ಯಭಾಗದವರೆಗೆ. ಆಮೇಲೆ ಸರಳ ಬಡ್ಡಿ ಓಡುತ್ತದೆ, 1972ರ ಕಾಯ್ದೆಯಡಿ ಅದು ವರ್ಷಕ್ಕೆ ಶೇಕಡಾ 10. ಅಲ್ಲಿಯವರೆಗೆ ಬಾರದಿದ್ದರೆ, ಅಥವಾ ಇಲ್ಲ ಎಂದು ಬರೆದುಕೊಟ್ಟರೆ, ಪ್ರಾಧಿಕಾರದ ಮುಂದೆ ಅರ್ಜಿ ಹಾಕಿ. ಹಳೆಯ ನಿಯಮಗಳಲ್ಲಿ ಅದಕ್ಕೆ 90 ದಿನಗಳ ಕಾಲಾವಕಾಶವಿದೆ, ಸಕಾರಣವಿದ್ದರೆ ತಡವಾದುದನ್ನೂ ಮನ್ನಿಸುತ್ತಾರೆ. ಕಂಪನಿ ಕರ್ನಾಟಕದಲ್ಲಿ ಮಾತ್ರ ಇದೆಯೇ?

ಗೋಡೌನ್ ಗುಮಾಸ್ತ

ಹೊಸೂರು ಮತ್ತು ಹೈದರಾಬಾದಿನಲ್ಲೂ ಶಾಖೆಗಳಿವೆ.

ಕರಿಕೋಟು

ಹಾಗಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ನೇರವಾಗಿ ಹೋಗಿ ಸಾಲಿನಲ್ಲಿ ನಿಲ್ಲುವ ಮೊದಲು ವಿಚಾರಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಶಾಖೆಗಳಿರುವ ಸಂಸ್ಥೆಗಳ ಗ್ರಾಚ್ಯುಟಿ ಅರ್ಜಿ 1972ರ ಕಾಯ್ದೆಯಡಿ ರಾಜ್ಯದ ಅಧಿಕಾರಿಯ ಬದಲು ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗುತ್ತಿತ್ತು. ತಪ್ಪು ಕಚೇರಿಯಲ್ಲಿ ಹಾಕಿದ ಅರ್ಜಿ ಹಿಂದಿರುಗಿ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ನೇಮಕಾತಿ ಪತ್ರ, ಕೊನೆಯ ಸಂಬಳ ಚೀಟಿ, ರಾಜೀನಾಮೆ ಅಂಗೀಕಾರದ ಇಮೇಲ್, ಅಂಚೆ ರಸೀದಿ, 2025ರ ಮಾರ್ಚ್‌ನಿಂದ ಈಚಿನ ಹಾಜರಾತಿಯ ಪ್ರತಿ, ಇವುಗಳನ್ನು ಮೂರು ಮೂರು ಪ್ರತಿ ಇಟ್ಟುಕೊಂಡಿರಿ. ಹಾಜರಾತಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಸಂಬಳ ಚೀಟಿಯಲ್ಲಿ ಸಂಬಳ ಕೊಟ್ಟ ದಿನಗಳ ಸಂಖ್ಯೆ ಇರುತ್ತದೆ, ಅದೇ ಸಾಕು.